ಖೊಟ್ಟಿ ಅನ್ನು, ತೌಸೀಫ್

ಶಟರ್ ಎಳೀಬ್ಯಾಡ ತೌಸೀಫ್. ಬಿಡು ಅಂದೆ! ಊಟ ಆಮ್ಯಾಲ. ನಿನ್ನ ಹೆಂಡ್ತಿ ಕಟ್ಟಿದ ಡಬ್ಬಿ ಎಲ್ಲೂ ಓಡಿ ಹೋಗಂಗಿಲ್ಲ. ಇಂಥಾ ಸುಡು ಬಿಸಲಾಗ ಚಿತ್ತಾಪುರ ದವಾಖಾನಿಯಿಂದ ಟಂಟಂ ಹಿಡದು ವಾಡಿತನಕ ಬಂದೀನಿ, ಈ ಬಾಟ್ಲಿ ನಿನ್ನ ಮಾರಿ ಮುಂದ ಹಿಡೀಲಿಕ್ಕ. ತಗೋ, ನೋಡು. ನಿನ್ನ ಅಂಗಡೀದಲ್ಲೇನಿದು?... ಹೌದಂತ ತಲಿ ಹಾಕಿದಿ. ನೆನಪಿಟ್ಕೋ, ಆಮ್ಯಾಲ ಇಲ್ಲ ಅನ್ನಬ್ಯಾಡ.

ಖೊಟ್ಟಿ ಮಾಲು ಅದ ಇದು. ನಕಲಿ! ಸಕ್ಕರಿ ನೀರಿಗೆ ಬಣ್ಣ ಕಲಸಿ ತುಂಬ್ಯಾರ.

ಯಾಕ ನಗ್ತಿ?

ನಗು, ನಗು. ಅಲ್ಲಿ ನನ್ನ ಮೊಮ್ಮಗ ಸಾಯಿಕುಮಾರ ಮೂಗಿಗೆ ನಳಿಗಿ ಹಾಕ್ಕೊಂಡು ಮಲಗ್ಯಾನ, ನೀ ಇಲ್ಲಿ ಹಲ್ಲು ತೋರಸು... ಹಾಂ. ಈಗ ನಿಂತಿತು ನೋಡು ನಗು. ಗೊತ್ತಿರಲಿಲ್ಲ ನಿನಗ? ವಾಡಿಗೆಲ್ಲಾ ಗೊತ್ತದ, ನಿನಗ ಗೊತ್ತಿಲ್ಲ! ನಿಮೋನಿಯಾ ಅಂದಾರ. ಎದಿಯಾಗ ಒಂದು ಕಡಿ ಪೂರಾ ಕಫ ಕಟ್ಯಾದಂತ. ಉಸುರು ಎಳಕೊಂಡ್ರ ಪಕ್ಕಡಿ ಎಲುಬು ಒಳಗ ಹೋಗ್ತಾವ ತೌಸೀಫ್... ಹೀಂಗ... ಹೊಟ್ಟಿ ಒಂದು ಕಡಿ, ಎದಿ ಒಂದು ಕಡಿ. ಆಡಿ ಓಡಿ ಬಂದ ಹುಡುಗರು ತೇಕ್ತಾವಲ್ಲ, ಹಾಂಗ. ಆದ್ರ ಇಂವ ಎಲ್ಲೂ ಓಡಿಲ್ಲ. ಮಲಗಿದಲ್ಲೇ ಓಡಾಕತ್ತಾನ ನನ್ನ ಕೂಸು.

ಕುಂದ್ರಂಗಿಲ್ಲ. ಸ್ಟೂಲ್ ಬ್ಯಾಡ. ನೀರೂ ಬ್ಯಾಡ. ನಿನ್ನ ಅಂಗಡಿ ನೀರು ಕುಡೀಲಿಕ್ಕ ಬಂದಿಲ್ಲ ನಾ.

ನಿನ್ನ ಈ ಔಷಧ ಕೊಟ್ಟೀನಿ ಕೂಸಿಗೆ. ಮುಂಜಾನಿ ಕೊಟ್ಟೀನಿ, ಸಂಜೀಕ ಕೊಟ್ಟೀನಿ. ಜ್ವರ ಜರಾನೂ ಅಲುಗಾಡಲಿಲ್ಲ. ಮೊದ್ಲು ಹೀಂಗಿರಲಿಲ್ಲ. ಮೊದ್ಲು ಇದೇ ಔಷಧ ಒಂದು ಮುಚ್ಚಳ ಕುಡಿಸಿದ್ರ ಮರುದಿನ ಹುಡುಗ ಅಂಗಳದಾಗ ಕೋಳಿ ಬೆನ್ನು ಹತ್ತತಿದ್ದ. ಈಗ ಯಾಕ ಕೆಲಸ ಮಾಡಂಗಿಲ್ಲ? ಹೇಳು! ಔಷಧ ಅದೇ, ಕೂಸು ಅದೇ, ಕೈ ಅದೇ. ನಡುವ ಏನ್ ಬದಲಾಗ್ಯಾದ? ಅಂಗಡಿ ಬದಲಾಗ್ಯಾದ. ನಿಮ್ಮಪ್ಪ ಮುಕ್ರಮ ಭಾಯಿ ಗಲ್ಲೆದ ಮ್ಯಾಲ ಕುಂತಿದ್ದ, ಈಗ ನೀ ಕುಂತೀದಿ. ನಿಮ್ಮಪ್ಪಗ ಬಾಯಿಲೇ ಹೇಳಿದ್ರ ಸಾಕಿತ್ತು, 'ತಗೊ ಅಕ್ಕಾ' ಅಂತ ಕೊಡ್ತಿದ್ದ. ನೀ ಬಂದದ್ದೇ ತಡ, ಡಾಕ್ಟರ್ ಚೀಟಿ ಎಲ್ಲದ, ಚೀಟಿ ಎಲ್ಲದ. ಕಾಲೇಜಿನ್ಯಾಗ ಚೀಟಿ ಕೇಳೋದೊಂದೇ ಕಲಿಸ್ಯಾರೇನು ನಿನಗ?

ಅದಕ್ಕೇ ಅನುಮಾನ ಬಂದದ್ದು ನನಗ. ಹೊರಗ ಇಷ್ಟು ಸಾಚಾ ತೋರಿಸ್ಕೊಳ್ಳೋರು ಒಳಗ ಏನೋ ಮುಚ್ಚಿಟ್ಟಿರ್ತಾರ. ಆ ಹೈದ್ರಾಬಾದಿಂದ ಬ್ಯಾಗು ಹಿಡ್ಕೊಂಡು ಬರ್ತಾನಲ್ಲ ಒಬ್ಬ ಏಜೆಂಟ್, ಕರೇ ಕನ್ನಡಕದಾಂವ, ಅವನ ಜೋಡಿ ನೀ ಹಿಂದಿನ ಬಾಗಲದಾಗ ನಿಂತು ಗುಸುಗುಸು ಮಾತಾಡೋದು ನೋಡೀನಿ. ನಮ್ಮ ರೊಟ್ಟಿ ಕೇಂದ್ರದ ಕಿಡಕಿಯಿಂದ ನಿನ್ನ ಹಿಂದಿನ ಬಾಗಲಾ ಸಾಫ್ ಕಾಣ್ತದ. ನೀ ಮರ್ತಿರಬೇಕು.

ಮತ್ತ ಈ ಮುಚ್ಚಳ ನೋಡು. ಮೊದ್ಲು ಹಳದಿ ಬರ್ತಿತ್ತು, ಈಗ ಬಿಳಿ. ಲೇಬಲ್ ಮ್ಯಾಲ ಅಕ್ಷರ ಸಣ್ಣ ಆಗ್ಯಾವ. ಪೇಪರಿನ್ಯಾಗ ಓದೀನಿ ನಾ, ಖೊಟ್ಟಿ ಔಷಧದ ಕಾರ್ಖಾನಿ ಹಿಡದಾರಂತ. ಬರೀ ಸುಣ್ಣದ ಪುಡಿ ಗುಳಿಗಿ ಮಾಡಿ ಮಾರ್ತಿದ್ರಂತ. ಏನು? ಕಂಪನಿ ಮುಚ್ಚಳ ಬದಲಿ ಮಾಡ್ಯಾದ? ಹಾಂ, ಮಾಡ್ತದ. ನೀ ಕಂಪನಿ ಮ್ಯಾಲ ಹಾಕು, ಕಂಪನಿ ನಿನ್ನ ಮ್ಯಾಲ ಹಾಕ್ಲಿ.

ನನಗ ಓದಲಿಕ್ಕ ಬರಂಗಿಲ್ಲ ಅಂತ ತಿಳದೀಯೇನು? ಈ ವಾಡಿ ಸ್ಟೇಷನ್ನಿನ್ಯಾಗ, ಆ ಕಡೀ ಪ್ಲಾಟ್‌ಫಾರ್ಮ್ ಹೊರಗ ಒಲಿ ಹೂಡಿ ರೊಟ್ಟಿ ಬಡೀತಿದ್ದೆ, ನಿನಗಿನ್ನಾ ಚಡ್ಡಿ ಹಾಕ್ಕೊಳ್ಳಾಕ ಬರ್ತಿರಲಿಲ್ಲ. ಎದುರಿಗೆ ಹಳದಿ ಬೋರ್ಡು. ರೊಟ್ಟಿ ಬಡೀತಾ ಬಡೀತಾ ಅದನ್ನೇ ನೋಡೋದು. ಇದು ವಾ, ಇದು ಡಿ. ಆಮ್ಯಾಲ ಗಾಡಿ ಮ್ಯಾಲ ಬರದದ್ದು, ಆಮ್ಯಾಲ ಪಾರ್ಸಲ್ ಕಟ್ಟೋ ಪೇಪರು. ಯಾವ ಮಾಸ್ತರನ ಮನೀ ಹೊಸ್ತಿಲೂ ತುಳಿದಾಕಿ ಅಲ್ಲ ನಾ. ಸನ್ನತಿಯಿಂದ ಬರೋಮುಂದ ನನ್ನ ಹಂತೇಲಿ ಒಂದು ಕಬ್ಬಿಣದ ಹಂಚು, ಬಗಲಾಗ ಮಗ ಅಂಬರೇಶ, ಇಷ್ಟೇ ಇದ್ದದ್ದು. ಅಂವನ ಅಪ್ಪ ಚಂದ್ರಾಮ ತೀರಿ ಹೋಗಿ ತಿಂಗಳು ತುಂಬಿರಲಿಲ್ಲ. ಇವತ್ತು ಹೀರಾಬಾಯಿ ಖಡಕ್ ರೊಟ್ಟಿ ಸೋಲಾಪುರತನಕ ಹೋಗ್ತದ. ನನ್ನ ಒಲಿ ಮುಂದ ಬಾಯ್‌ಗೋಳು, ರೊಟ್ಟಿ ಬಡಿಯೋ ಹೆಣ್ಮಕ್ಕಳು, ಕುಂತು ಹೊಟ್ಟಿ ಹೊರಕೋತಾರ. ಅಂಥಾಕಿಗೆ ನೀ ಲೇಬಲ್ ಓದಾಕ ಕಲಸ್ತಿ? ಅ-ಮಾಕ್-ಸಿ-ಸಿ-ಲಿನ್. ಸರಿ ಅದನೋ ಇಲ್ಲೋ?

ಅವ್ರಿಗೆ ಮೊದ್ಲು ಕೊಟ್ಟು ಕಳಸು, ಗುರುಲಿಂಗಯ್ಯನವರು ನಿಂತಾರ. ಬರ್ರಿ, ಬರ್ರಿ. ಏನಾಗ್ಯಾದ್ರಿ? ಗಂಟಲು? ಹೌದ್ರಿ, ಈ ಸಿಮೆಂಟ್ ಧೂಳಿನ್ಯಾಗ ಗಂಟಲು ಇರೋದೇ ಹೆಚ್ಚು. ಕೊಡಪಾ ಅವ್ರಿಗೆ, ಆ ಕೆಂಪು-ಕರಿ ಗುಳಿಗಿ ಎರಡು ಕೇಳಾಕತ್ತಾರ... ಕೊಡಂಗಿಲ್ಲ? ಯಾಕ? ಎರಡೇ ಎರಡು ಕೊಡಾಕ ನಿನಗೇನು ಬ್ಯಾನಿ? ನೋಡ್ರಿ, ನೋಡ್ರಿ ಗುರುಲಿಂಗಯ್ಯನವರೇ, ಮಠದ ಅಯ್ಯನೋರಿಗೂ ಚೀಟಿ ಕೇಳ್ತಾನ ಇಂವ! ಉಪ್ಪು ನೀರು ಮುಕ್ಕಳಿಸ್ರಿ ಅಂತಾನ! ಹೋಗ್ಲಿ ಬಿಡ್ರಿ, ಸ್ಟೇಷನ್ ಹಂತೇಲಿ ಇನ್ನೊಂದು ಮೆಡಿಕಲ್ ಅದ. ಹಾಂ, ಹೋಗಿ ಬರ್ರಿ. ಮೊಮ್ಮಗಾ?... ಆರಾಮಾಗ್ತಾನ್ರಿ. ಆಗ್ತಾನ. ನಿಮ್ಮ ಬಾಯಿ ಹರಕೆ ಇರ್ಲಿ.

ಬಂದ ಗಿರಾಕಿ ಹೊರಗ ಹಾಕ್ತಿ. ಹೀಂಗ ಮಾಡಿ ಅಂಗಡಿ ಹ್ಯಾಂಗ ನಡಸ್ತೀಯೋ!

ಏನ್ ತಿರುವಿ ತಿರುವಿ ನೋಡಾಕತ್ತಿ ಬಾಟ್ಲಿ? ಹೌದು, ತಳದಾಗ ಉಳದದ. ಉಳದ್ರ ಏನೀಗ? ಜ್ವರ ಇಳೀತು, ಬಿಟ್ಟೆ... ಅಲ್ಲ, ಈಗಿನ ಮಾತಲ್ಲ, ಮೊದ್ಲಿನ ಮಾತು. ಜ್ವರ ಇಳದ ಮ್ಯಾಲ ಮತ್ತ ಯಾಕ ಸುರೀಬೇಕು? ಹೊಟ್ಟಿ ತುಂಬಿದ ಮ್ಯಾಲ ಯಾರರ ರೊಟ್ಟಿ ಬಡೀತಾರೇನು? ಒಂದು ಹಿಡಿ ಹಿಟ್ಟು ಚೆಲ್ಲಿದ್ರ ನನ್ನ ಕರುಳು ಚುರ್ ಅಂತದ, ಗೊತ್ತದಿಲ್ಲ ನಿನಗ. ಅಂಥಾಕಿ ರೊಕ್ಕಾ ಕೊಟ್ಟು ತಂದ ಔಷಧ ಮೋರಿಗೆ ಚೆಲ್ಲಲಾ? ಇಟ್ಟೆ. ನೀರಿನ ಹರವಿ ಬಾಜೂಕ, ಹಸಿ ಮಳಲಿನ ಮ್ಯಾಲ, ತಂಪಾಗಿ ಇಟ್ಟೆ. ನಿನ್ನ ಫ್ರಿಜ್‌ಕಿಂತ ತಂಪು ಇರ್ತದ ಅಲ್ಲಿ.

ಹಪ್ತಾ? ಏಳೇ ದಿನಾ? ನೀರು ಕಲಸಿದ ಮ್ಯಾಲ ಹಪ್ತಾ ಒಳಗ ಮುಗಸಬೇಕು? ಯಾರು ಹೇಳಿದ್ರು... ನೀ ಹೇಳಿದ್ದಿ? ಯಾವಾಗ ಹೇಳಿದ್ದಿ? ಹೇಳಿರಬೇಕು. ಗದ್ದಲದಾಗ ಯಾರಿಗೆ ಕೇಳಸ್ತದ. ಅಕ್ಷರ ನನಗ ಬರ್ತಾವ, ಆದ್ರ ಅಷ್ಟು ಸಣ್ಣ ಅಕ್ಷರ... ಆ ಕಂಪನಿಯವರು ಇರುವಿಗೆ ಓದಾಕ ಬರದಾರೇನು ಅವನ್ನ?

ಏನು? ಯಾವಾಗ ತಂದದ್ದಂತ ಯಾಕ ಕೇಳ್ತಿ?

ಗುರುತು ಹಿಡದಿ. ಹೌದು. ಸಂಕ್ರಾಂತಿ ಮುಂದ ತಂದದ್ದು. ಹೌದಪಾ, ಚೀಟಿ ತಂದೇ ತಂದಿದ್ದೆ, ಆ ದಿನ ನೀ ಕೊಟ್ಟಿ. ದ್ರೌಪದಿ ಮಗಳು ನಾಗರತ್ನಾನ ಹೆಸರಿನ ಚೀಟಿ. ನಮ್ಮ ಕೇಂದ್ರದಾಗ ಮೂಲಿ ಒಲಿ ಹಂತೇಲಿ ಕುಂದ್ರತಾಳಲ್ಲ ದ್ರೌಪದಿ, ಕುರಕುಂಟಾದಾಕಿ. ಆಕಿ ಹುಡುಗಿಗೆ ಬಂದಿತ್ತು ಕೆಮ್ಮು. ರೊಕ್ಕಾ ಕೊಟ್ಟಾಕಿ ನಾ, ಬಾಟ್ಲಿ ತಂದಾಕಿ ನಾ. ಹುಡುಗಿಗೆ ಜ್ವರ ಇಳೀತು, ಬಾಟ್ಲಿ ವಾಪಸ್ ಇಸ್ಕೊಂಡೆ. ತಪ್ಪೇನದ? ನಾಳಿ ಇನ್ನೊಂದು ಕೂಸಿಗೆ ಬೇಕಾಗ್ತದ. ಬೇಕಾತು. ಅಲ್ಲೇ ರೊಟ್ಟಿ ಬಡಿಯೋ ಮಾಣಿಕಮ್ಮನ ಮೊಮ್ಮಗಗ ಬೇಕಾತು. ಅಂವಗ ಇಳದ ಮ್ಯಾಲ ಸಾಯಿಗೆ ಬೇಕಾತು.

ಹಾಂಗ ನೋಡಬ್ಯಾಡ ನನ್ನ! ಕಳ್ಳತನ ಮಾಡೀನೇನು? ಧರ್ಮ ಮಾಡೀನಿ! ತೊಗರಿ ಕಟಗಿ ಹೊಗಿಯಾಗ ಕುಂತ ತಾಯಂದ್ರು, ಬಗಲಿಗೆ ಕೂಸು. ಒಂದು ಕೆಮ್ಮಿದ್ರ ಎಲ್ಲಾವೂ ಕೆಮ್ತಾವ. ಕೂಸು ಕೆಮ್ಮಿದ್ರ ತಾಯಿ ಮನೀಗೆ ಹೋಗ್ತಾಳ, ಆ ದಿನದ ಕೂಲಿ ಹೋಗ್ತದ, ನನ್ನ ಪಾರ್ಸಲ್ ನಿಲ್ತದ. ಅದಕ್ಕ ನಾ ಹರವಿ ಹಂತೇಲಿ ಬಾಟ್ಲಿ ಇಟ್ಟಿರ್ತೀನಿ. ಬಾ ಅಂತ ಕರದು ಒಂದೊಂದು ಮುಚ್ಚಳ ಕುಡಸ್ತೀನಿ. ಬಾಯ್‌ಗೋಳು ನನಗ ಡಾಕ್ಟರ್ ಆಯಿ ಅಂತಾರ, ಕೇಳೀದಿ ಇಲ್ಲೋ ನೀ? ಹೀರಾಬಾಯಿ ಒಲಿ ಮುಂದ ಬೆಳದ ಕೂಸು ದವಾಖಾನಿ ಕಂಡಿಲ್ಲ ಅಂತಿದ್ರು. ಅಂತಿದ್ರು...

ಆ ಫೋನ್ ಕೆಳಗಿಡು. ನಾ ಮಾತಾಡೋಮುಂದ ಫೋನ್ ನೋಡಬ್ಯಾಡ. ಯಾರಿಗೆ ಬರೀಲಿಕತ್ತಿ? ಅಂಬರೇಶ ಫೋನ್ ಮಾಡ್ಯಾನೇನು ನಿನಗ? ಖರೇ ಹೇಳು. ಅಂವ ಮಳಖೇಡದಾಗ ಲಾರಿ ನಿಲ್ಲಿಸಿ ಬಂದಾನ, ಬೆಳಗಿಂದ ಅವ್ರಿವ್ರಿಗೆ ಫೋನ್ ಹಚ್ಚಲಿಕತ್ತಾನ. ಮಾಡಿಲ್ಲ? ಮತ್ತ ಆ ದ್ರೌಪದಿ? ಆಕಿ ಬಂದು ಏನರ ಉಸುರ್ಯಾಳೇನು? ಮೊನ್ನೆಯಿಂದ ಮಾರಿ ತಪ್ಪಿಸಿ ತಿರಗ್ತಾಳ. ಕೆಲಸಕ್ಕೂ ಬಂದಿಲ್ಲ. ನಾಗರತ್ನಾಗ ಮತ್ತ ಕೆಮ್ಮಂತ. ಇರ್ಲಿ. ಅದು ಬ್ಯಾರೆ ಕೆಮ್ಮು.

ಡಾಕ್ಟರಿಗೆ? ಹೇಳೀನಪಾ, ಎಲ್ಲಾ ಹೇಳೀನಿ. ಹೇಳದ ಬಿಡ್ತೀನೇನು? ರಾಜೇಶ್ವರಿ ಡಾಕ್ಟರ್ ಅಂತ, ಕೂಸಿನ ಡಾಕ್ಟರು. ಇನ್ನಾ ಹುಡುಗಿ ಅದಾಳ. ಕೊಳ್ಳಾಗ ಆ ನಳಿಗಿ ಹಾಕ್ಕೊಂಡ್ರ ದೊಡ್ಡಾಕಿ ಕಾಣ್ತಾಳ ಅಷ್ಟ. ನನಗ ಆಕಿ ಮ್ಯಾಲೂ ಅನುಮಾನ ಅದ. ಬಂದ ಕೂಡಲೆ ಸೂಜಿ ಚುಚ್ಚಿದಳು, ಇಳೀಲಿಲ್ಲ. ಮರುದಿನ ಬ್ಯಾರೆ ಸೂಜಿ. ರಕ್ತಾ ತಗದು ಕಲಬುರ್ಗಿಗೆ ಕಳಿಸ್ಯಾಳ. ಯಾಕ ಕಳಸಬೇಕು ಕಲಬುರ್ಗಿಗೆ? ಇಲ್ಲಿ ಗೊತ್ತಾಗಂಗಿಲ್ಲೇನು? ಅಷ್ಟು ಸಣ್ಣ ಕೈ... ನರಾ ಹುಡುಕಿ ಹುಡುಕಿ ಚುಚ್ಚಿದ್ರು. ಮೊದ್ಲು ಒದರಿದ. ಎರಡನೇ ಸಲಕ್ಕ ಒದರಾಕೂ ತ್ರಾಣ ಇರಲಿಲ್ಲ ಅವಗ. ಕಣ್ಣು ತಗದು ನನ್ನೇ ನೋಡಿದ. ಆಯಿ ಬಿಡಸ್ತಾಳ ಅಂತ ನೋಡಿದ.

ಆಕಿ ಏನಂದಳು ಗೊತ್ತೇನು? ಕೂಸಿನ ಎದಿಯಾಗಿನ ಈ ರೋಗದ ಹುಳಾ ಈ ಔಷಧಕ್ಕ ಬಗ್ಗವಲ್ಲವು ಅಂದಳು. ಅವಕ್ಕ ರೂಢಿ ಆಗ್ಯಾದಂತ. ನೀನೂ ಅದೇ ಅಂತಿ? ಔಷಧ ಖೊಟ್ಟಿ ಅಲ್ಲ, ಹುಳಾನೇ ಅದನ್ನ ಕಲತಾವ ಅಂತಿ? ಅರ್ಧಾ ಹೊಡದು ಬಿಟ್ರ ಉಳದ ಹುಳಾ ಏಟು ನೆನಪಿಟ್ಕೊಂಡು ಮತ್ತ ಏಳ್ತಾವ... ಏ ಹೋಗೋ! ಹುಳಾಕ್ಕೇನು ಸಾಲಿ ಅದನೇನು? ಪಾಟಿ ಚೀಲಾ ಹಾಕ್ಕೊಂಡು ಹೋಗ್ತಾವೇನು? ಸಾಲಿಗೆ ಹೋಗದ ಕಲತಾಕಿ ಈ ವಾಡಿಯಾಗ ನಾ ಒಬ್ಬಾಕೇ ಅಂತ ತಿಳದಿದ್ದೆ...

ನಗಲಿಲ್ಲ ನೀ. ಈ ಮಾತಿಗರ ನಗಬೇಕಿತ್ತು.

ನೀವಿಬ್ರೂ ಒಂದೇ ಮಾತು ಆಡಾಕತ್ತೀರಲ್ಲ, ಮೊದ್ಲೇ ಮಾತಾಡಿಕೊಂಡೀರೇನು? ಡಾಕ್ಟರ್ ನಂಬರ್ ನಿನ್ನ ಹಂತೇಲಿ ಅದಲ್ಲ? ಅದ. ಇರ್ತದ. ಮೆಡಿಕಲ್‌ನವರು ಡಾಕ್ಟರು ಒಂದೇ ತಾಟಿನ್ಯಾಗ ಉಣ್ಣವರು. ಹೊಸಾ ಔಷಧ ಬರದು ಕೊಟ್ಟ್ರ ಯಾರಿಗೆ ಲಾಭ?... ಸರ್ಕಾರಿ ದವಾಖಾನಿ ಅಂತಿ. ಪುಕ್ಕಟ ಅಂತಿ. ಹೌದು. ಅಲ್ಲಿ ರೊಕ್ಕಾ ಕೇಳಿಲ್ಲ. ಅದೂ ಅನುಮಾನ ನನಗ. ರೊಕ್ಕಾ ಕೇಳದ ಯಾಕ ಅಷ್ಟು ಓಡಾಡ್ತಾಳ ಆಕಿ? ನಿನ್ನೆ ಮನೀಗೇ ಹೋಗಿಲ್ಲ. ಕೂಸಿನ ಎದಿಗೆ ಕಿವಿ ಹಚ್ಚಿಕೊಂಡೇ ನಿಂತಿದ್ದಳು.

ಮತ್ತ ಅದೇ ಕೇಳ್ತಿ. ಡಾಕ್ಟರಿಗೆ ಏನೇನು ಹೇಳ್ದಿ, ಏನೇನು ಹೇಳ್ದಿ. ಹೇಳೀನಿ ಅಂದೆನಲ್ಲ!

ನಿನ್ನ ಬಾಟ್ಲಿ ಹೇಳೀನಿ... ಶಹಾಬಾದದ್ದು ಹೇಳೀನಿ...

ಶಹಾಬಾದದ್ದು ಯಾವುದು ಅಂದ್ರ? ನೀ ಚೀಟಿ ಇಲ್ಲದ ಕೊಡಂಗಿಲ್ಲ ಅಂದಿ, ನಾ ಪಾರ್ಸಲ್ ಕೊಡಾಕ ಶಹಾಬಾದಕ್ಕ ಹೋದಾಗ ಅಲ್ಲಿಂದ ತಂದೆ. ಹೋಳಿ ಹಿಂದ ಮುಂದ. ಅಲ್ಲೇನು ಮೆಡಿಕಲ್ ಇಲ್ಲೇನು? ನಿನ್ನ ಔಷಧ ಸಾಯಿಗೆ ಹತ್ತಲಿಲ್ಲ, ಜೋರಿಂದು ಕೊಡ್ರಿ ಅಂದೆ, ಕೊಟ್ಟ್ರು. ಕಿತ್ತಳಿ ಬಣ್ಣದ್ದು. ಅದೂ ಹತ್ತಿತು, ಮತ್ತ ಬಿಟ್ಟಿತು. ಆಮ್ಯಾಲ ಚಿಂಚೋಳಿ ಕಡಿ ಒಬ್ಬ ಆರೆಂಪಿ ಡಾಕ್ಟರ್ ಅದಾನ, ತೆಲುಗು ಮಾತಾಡ್ತಾನ, ರೊಟ್ಟಿ ಆರ್ಡರಿಗೆ ಹೋದಾಗ ಅವನ ಹಂತೇಲಿ ಕೇಳಿದೆ. ಅಂವ ಒಂದು ಕೊಟ್ಟ. ಇದು ದಿನಕ್ಕ ಒಂದೇ ಸಲ ಆಯೀ, ಭಾಳ ಪವರ್ ಅದ ಅಂದ. ಪವರ್ ಅದ ಅಂದ ಮ್ಯಾಲ ಸ್ವಲ್ಪೇ ಸ್ವಲ್ಪ ಕೊಟ್ಟೆ, ಕೂಸು ಅಂತ. ಉಳದದ್ದು ಮತ್ತ... ಮತ್ತ ಒಲಿ ಹುಡುಗರಿಗೆ.

ತಲಿ ಮ್ಯಾಲ ಕೈ ಇಟ್ಕೊಬ್ಯಾಡ. ಯಾರು ಸತ್ತಾರ ಇಲ್ಲಿ? ತಗಿ ಕೈ! ಅಪಶಕುನ!

...ಇಲ್ಲ. ಆ ಬಾಟ್ಲಿ ಇಲ್ಲ. ಬಿಸಾಕಿದೆ. ಮೊನ್ನೆ ಅಂಬ್ಯುಲೆನ್ಸ್ ಬಂದಾಗ, ಎಲ್ಲಾರೂ ಹೊರಗ ಓಡಿದ್ರಲ್ಲ, ನಾ ಹಿಂದ ಉಳದೆ. ಒಲಿಗೆ ಹಾಕಿದೆ. ಪ್ಲಾಸ್ಟಿಕ್, ಸುಟ್ಟು ಹೋತು. ಇದೊಂದು ಸಂದಿಯಾಗ ಉಳದಿತ್ತು, ಈಗ ಬರೋಮುಂದ ತಂದೆ.

ಯಾಕ ಹಾಕಿದೆ ಅಂದ್ರ... ಮನೀ ಸ್ವಚ್ಛ ಇರಬೇಕಲ್ಲ.

ಏನು ನೋಡ್ತಿ?

ಸುಜಾತಾಗ ಗೊತ್ತಿಲ್ಲ. ನನ್ನ ಸೊಸಿಗೆ. ಹಾಂ, ಸಾಕೇನು ಈಗ? ಆಕಿ ಡಿಗ್ರಿ ಓದಿದಾಕಿ, ಸೇಡಂ ಕಾಲೇಜಿನ್ಯಾಗ. ಸಾಯಿ ಹುಟ್ಟಿದ ವರ್ಷನೇ ಅಂದಿದ್ದಳು, ಅತ್ತೀ, ಕೂಸಿಗೆ ಹೀಂಗ ಔಷಧ ಕೊಡಬ್ಯಾಡ್ರಿ, ಡಾಕ್ಟರಿಗೆ ತೋರಸೋಣು. ಎಲ್ಲಾ ಬಾಯ್‌ಗೋಳ ಮುಂದ ಅಂದಳು! ನನ್ನ ಒಲಿ ಮುಂದ! ನಾ ಅಂದೆ, ನಿನ್ನ ಗಂಡನ್ನ ಯಾವ ಡಿಗ್ರಿ ಬೆಳಸ್ಯಾದ? ಈ ಕೈ ಬೆಳಸ್ಯಾದ. ಆಕಿ ಸುಮ್ಮನಾದಳು. ಸುಮ್ಮನಾದಳು ಅಂದ ಮ್ಯಾಲ ಮುಗೀತು ಅಂತ ತಿಳದೆ. ಆಮ್ಯಾಲ ಆಕಿ ಮುಂದ ಕೊಡಲಿಲ್ಲ ನಾ. ಆಕಿ ಅಂಗನವಾಡಿ ಕೆಲಸಕ್ಕ ಹೋದ ಮ್ಯಾಲ ಕೊಡ್ತಿದ್ದೆ. ಸಾಯಿಗೂ ಹೇಳಿಟ್ಟಿದ್ದೆ, ಅವ್ವಗ ಹೇಳಬಾರದು, ಹೇಳಿದ್ರ ಬೆಲ್ಲ ಕೊಡಂಗಿಲ್ಲ ಅಂತ. ಜಾಣ ಅದಾನ. ಒಂದು ದಿನಾನೂ ಹೇಳಲಿಲ್ಲ.

ಡಾಕ್ಟರ್ ಇಬ್ಬರನ್ನೂ ನಿಂದರಿಸಿ ಕೇಳಿದಳು ತೌಸೀಫ್. ಇವತ್ತ ಮುಂಜಾನಿ. ಕಾಟಿನ ಆಕಡಿ ನಾ, ಈಕಡಿ ಸುಜಾತಾ, ನಡುವ ಕೂಸು. 'ಹಿಂದ ಯಾವ್ಯಾವ ಔಷಧ ಕುಡದಾನ, ನೆನಪು ಮಾಡಿ ಹೇಳ್ರಿ. ಕಲಬುರ್ಗಿ ರಿಪೋರ್ಟ್ ಬರೂತನಕ ನಾ ಕಾಯಾಂಗಿಲ್ಲ, ಕೂಸೂ ಕಾಯಂಗಿಲ್ಲ. ಯಾವುದಕ್ಕ ಬಗ್ಗಿಲ್ಲ ಅಂತ ಗೊತ್ತಾದ್ರ ಅದನ್ನ ಬಿಟ್ಟು ಬ್ಯಾರೇದು ಹಚ್ತೀನಿ. ಗೊತ್ತಾಗಲಿಲ್ಲಂದ್ರ ಕತ್ತಲದಾಗ ಕಲ್ಲು ಹೊಡದಾಂಗ.' ಹೀಂಗ ಕೇಳಿದಳು. ಸುಜಾತಾ ಕೂಸಿನ ತಲಿ ಮುಟ್ಟಿ ಆಣಿ ಮಾಡಿದಳು. 'ಮೇಡಂ, ನಮ್ಮ ಮನ್ಯಾಗ ಏನೂ ಕೊಟ್ಟಿಲ್ಲ. ನಮ್ಮ ಅತ್ತಿ ನಾ ಬ್ಯಾಡ ಅಂದ ಮ್ಯಾಲ ಬಿಟ್ಟಾರ' ಅಂದಳು. ನಮ್ಮ ಅತ್ತಿ ಮಾತಿಗೆ ತಪ್ಪವ್ರಲ್ಲ ಅಂದಳು! ಡಾಕ್ಟರ್ ಮುಂದ! ನರ್ಸ್ ಮುಂದ!

ಆಮ್ಯಾಲ ಡಾಕ್ಟರ್ ನನ್ನ ಕಡಿ ಹೊಳ್ಳಿದಳು.

...ನಾ ಏನ್ ಹೇಳ್ಬೇಕಿತ್ತು? ನೀನೇ ಹೇಳು. ಆಕಿ ಹಾಂಗ ಅಂದ ಮ್ಯಾಲ ನಾ ಬಾಯಿ ಹ್ಯಾಂಗ ತಗೀಬೇಕಿತ್ತು?

ಹೌದು, ಎಲ್ಲಾ ಹೇಳೀನಿ ಅಂದೆ ನಿನ್ನ ಮುಂದ. ಆಗ ಅಂದೆ.

ತಲಿ ಅಲ್ಲಾಡಿಸಿದೆ. ಇಲ್ಲ ಅಂತ. ಬಾಯಿಲೇ ಅಂದಿಲ್ಲ, ಬರೀ ತಲಿ. ಆಮ್ಯಾಲ ಇಡ್ಲಿ ತರ್ತೀನಿ ಅಂತ ಹೊರಗ ಬಂದೆ. ಟಂಟಂ ನಿಂತಿತ್ತು, ಹತ್ತಿ ಬಂದೆ. ದಾರಿ ತುಂಬ ವಿಚಾರ ಮಾಡಿದೆ. ತೌಸೀಫ್ ಖೊಟ್ಟಿ ಮಾಲು ಮಾರ್ಯಾನ, ಅದೇ ಖರೇ, ಬ್ಯಾರೆ ಇರಲಿಕ್ಕೇ ಸಾಧ್ಯ ಇಲ್ಲ ಅಂತ. ನಿನ್ನ ಏಜೆಂಟ್, ನಿನ್ನ ಬಿಳಿ ಮುಚ್ಚಳ. ಹೊಂದಿತು, ಎಲ್ಲಾ ಹೊಂದಿತು. ಇಳಿಯೋಮುಂದ ನನಗ ಎಷ್ಟು ಸಿಟ್ಟು ಬಂದಿತ್ತು ಅಂತಿ. ಆರಾಮನೂ ಅನಿಸಿತ್ತು.

ಕೇಳಿಲ್ಲಿ. ಪೊಲೀಸ್ರಿಗೆ ಹೋಗಂಗಿಲ್ಲ ನಾ. ಅಂಬರೇಶಗೂ ಹೇಳಂಗಿಲ್ಲ. ನಿನ್ನ ಅಂಗಡಿ ಬಾಗಲಾ ಹಾಕ್ಸಂಗಿಲ್ಲ, ನಿಮ್ಮಪ್ಪನ ಹೆಸರಿನ ಮ್ಯಾಲ ಆಣಿ. ನನ್ನ ಕಿವಿಯಾಗಷ್ಟ ಅನ್ನು. ಖೊಟ್ಟಿ ಅಂತ ಒಂದು ಸಲ ಅನ್ನು. ಗೊತ್ತಿಲ್ದ ಬಂತು ಆಯೀ, ಆ ಏಜೆಂಟ್ ಮೋಸ ಮಾಡಿದ ಅಂತ ಅನ್ನು. ಬಣ್ಣದ ನೀರು ಇತ್ತು ಅನ್ನು. ಬಣ್ಣದ ನೀರು ಕೂಸಿಗೆ ಏನೂ ಮಾಡಂಗಿಲ್ಲ, ಹೌದಿಲ್ಲೋ? ಹುಳಾಕ್ಕ ಏನೂ ಕಲಸಂಗಿಲ್ಲ. ಒಂದು ಮುಚ್ಚಳ ಕೊಟ್ಟ್ರೇನು, ಹತ್ತು ಕೂಸಿಗೆ ಹಂಚಿದ್ರೇನು.

ಅನ್ನವಲ್ಲಿ?

ಕೈ ಮುಗದೆ ನೋಡು. ಹೀರಾಬಾಯಿ ಈ ವಾಡಿಯಾಗ ಯಾರಿಗೂ ಕೈ ಮುಗದಾಕಿ ಅಲ್ಲ.

ಬೈಯಿ ಬೇಕಾದ್ರ. 'ನನ್ನ ಮಾಲಿಗೆ ಖೊಟ್ಟಿ ಅಂತೀಯೇನು' ಅಂತ ಬೈಯಿ. ಬಂದಾಗ ನಗ್ತಿದ್ದಿ, ಈಗ ಜಗಳ ತಗಿ. ಚೀಟಿ ಕೇಳು! ಹೊರಗ ಹಾಕು! ಏನರ ಮಾತಾಡಪಾ...

ತೌಸೀಫ್.

ಕಣ್ಣು ಕೆಳಗ ಹಾಕಿದಿ.

ಖರೇ ಔಷಧ ಇತ್ತು ಅದು. ಅಲ್ಲೇನು? ಒಳ್ಳೇ ಔಷಧ ಇತ್ತು.

...

ಯಾರಿಗೂ ಗೊತ್ತಿಲ್ಲ ಅಂದ್ರ ಯಾರಿಗೂ ಗೊತ್ತಿಲ್ಲ. ಶಹಾಬಾದದ್ದು ನಿನಗ ಗೊತ್ತಿರಲಿಲ್ಲ. ಚಿಂಚೋಳಿದು ಶಹಾಬಾದದವಗ ಗೊತ್ತಿಲ್ಲ. ಬಾಟ್ಲಿ ಬೂದಿ ಆಗ್ಯಾವ. ಸಾಯಿಗೆ ಗೊತ್ತದ, ಅಂವ ಹೇಳಂಗಿಲ್ಲ. ಬೆಲ್ಲದ ಮಾತು.

ಏನು ಮುಂದ ದೂಡಾಕತ್ತಿ? ಫೋನು. ಡಾಕ್ಟರ್ ಹೆಸರು ತಗದೀದಿ. ನಾ ಒತ್ತಂಗಿಲ್ಲ. ನೀ ಹೇಳು, ನಿನಗ ಛಲೋ ಹೇಳಾಕ ಬರ್ತದ... ಹೇಳಂಗಿಲ್ಲ ನೀ. ನಿಮ್ಮಪ್ಪ ಇದ್ದಿದ್ರ ಇಷ್ಟೊತ್ತಿಗೆ ಏನರ ಸುಳ್ಳು ಹೇಳಿ ನನ್ನ ಮನೀಗೆ ಕಳಸ್ತಿದ್ದ. ಸೀದಾ ಇದ್ದ ಮಗನ್ನ ಹಡದಾನ ನೋಡು ಪುಣ್ಯಾತ್ಮ.

ಸರಿ, ಒತ್ತು. ನೀನೇ ಒತ್ತು. ಆಕಡಿ ಮಾರಿ ಮಾಡು, ನನ್ನ ನೋಡಬ್ಯಾಡ.

ಹಲೋ... ಹಲೋ, ಡಾಕ್ಟರಮ್ಮಾ? ನಾನ್ರಿ. ಸಾಯಿಕುಮಾರನ ಆಯಿ, ಹೀರಾಬಾಯಿ. ಕೂಸು ಹ್ಯಾಂಗದಾನ್ರಿ?... ಹ್ಞೂಂ... ಹ್ಞೂಂ... ಅಲ್ರಿ, ಇಡ್ಲಿ ಅಲ್ಲ, ನಾ ವಾಡಿಗೆ ಬಂದೀನಿ. ಮುಂಜಾನಿ ನೀವು ಕೇಳಿದ್ದಕ್ಕ ನಾ ತಲಿ ಅಲ್ಲಾಡಿಸಿದ್ದೆ ನೋಡ್ರಿ... ಅದು ಸುಳ್ಳು. ಕೊಟ್ಟೀನಿ. ಮೂರು ನಮೂನಿ ಕೊಟ್ಟೀನಿ, ಹೆಸರು ಎಲ್ಲಾ ನನಗ ಗೊತ್ತವ. ಅಷ್ಟೇ ಅಲ್ರಿ, ನಮ್ಮ ಒಲಿ ಹಂತೇಲಿ ಇನ್ನೊಂದು ಹುಡುಗಿ ಕೆಮ್ಮಾಕತ್ತದ, ನಾಗರತ್ನಾ ಅಂತ, ಅದನ್ನೂ ಕರಕೊಂಡು ಬರ್ತೀನಿ...

ಒಂದು ನಿಮಿಷ ಡಾಕ್ಟರಮ್ಮಾ. ಸುಜಾತಾ ಅಲ್ಲೇ ನಿಂತಾಳೇನ್ರಿ?... ಬ್ಯಾಡ್ರಿ, ಹೊರಗ ಕಳಸಬ್ಯಾಡ್ರಿ. ಅದೇನೋ ಒತ್ತಿದ್ರ ಎಲ್ಲಾರಿಗೂ ಕೇಳಸ್ತದಲ್ಲ, ಸ್ಪೀಕರ್, ಅದನ್ನ ಒತ್ರಿ. ಆಕಿನೂ ಕೇಳ್ಲಿ.